ತಂಗಿಯ ಕೈಯ ಲೇಸು

ವಿಜಯವಾಡದಿಂದ ವಿಶಾಖಪಟ್ಟಣಕ್ಕೆ ರೈಲಿನಲ್ಲಿ ಬರುವಾಗ, ತಂಗಿ ಹೆಣೆದು ಅರ್ಧಕ್ಕೆ ಬಿಟ್ಟುಹೋದ ಲೇಸನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಅವಳು ತೀರಿಕೊಂಡು ಇನ್ನೂ ಹೆಚ್ಚು ದಿನವಾಗಿರಲಿಲ್ಲ. ಕೊನೆಯ ಕುಣಿಕೆಯಲ್ಲಿ ಅವಳ ಕೊಕ್ಕೆಸೂಜಿ ಹಾಗೇ ಸಿಕ್ಕಿಕೊಂಡಿತ್ತು. ಅದು ಜಾರಿ ದಾರ ಎಳೆದರೆ ಇಡೀ ಲೇಸು ಸರಸರನೆ ಬಿಚ್ಚಿಹೋಗುತ್ತದಂತೆ. ಅನಕಾಪಲ್ಲಿಯಲ್ಲಿ ಇಳಿಯುವವರೊಬ್ಬರ ಚೀಲ ಅದಕ್ಕೆ ತಗುಲಿತೆಂದು ಬಾಯಿಗೆ ಬಂದಹಾಗೆ ಬೈದೆ. ಪಾಪ, ಅವರಿಗೇನು ಗೊತ್ತು.

ನಾನೂ ತಂಗಿಯ ಗಂಡನೂ ಬ್ಯಾಂಕಿನವರು. ವರ್ಗವಾಗಿ ಧಾರವಾಡ ಬಿಟ್ಟು ಬಂದು ಅವರು ವಿಜಯವಾಡದಲ್ಲಿ, ನಾನು ವಿಶಾಖಪಟ್ಟಣದಲ್ಲಿ ಉಳಿದೆವು. ಇಲ್ಲಿ ಹೆಣ್ಣುಮಕ್ಕಳಿಗೆ ಮೊದಲ ಸಲ ಲಂಗ-ದಾವಣಿ ಉಡಿಸುವುದನ್ನು ಮದುವೆಯಷ್ಟೇ ಸಡಗರದಿಂದ ಮಾಡುತ್ತಾರೆ. ನನ್ನ ತಂಗಿಗೂ ಆ ಹುಚ್ಚು ಹತ್ತಿತ್ತು. ಮಗಳ ದಾವಣಿಯ ಅಂಚಿಗೆಂದು ಕಾಯಿಲೆಯ ಹಾಸಿಗೆಯಲ್ಲೇ ಹೆಣೆಯುತ್ತಿದ್ದಳು. ಅದನ್ನು ಮುಗಿಸಿ ಹುಡುಗಿಗೆ ನಾನೇ ಉಡಿಸಬೇಕು ಎಂದು ಹಟ ಹಿಡಿದೆ. ಅವಳು ಹೋದ ಮೇಲೆ ನಾನು ಅವಳಿಗಾಗಿ ಮಾಡಬಹುದಾದದ್ದು ಅದೊಂದೇ ಇತ್ತು.

ನನಗೆ ಲೇಸು ಹೆಣೆಯಲು ಕಲಿಸಿದವರು ನಮ್ಮ ಮೇಲಿನ ಮನೆಯ ನಿವೃತ್ತ ಟೀಚರ್, ನರಸಾಪುರದ ಕಡೆಯವರು. ಮಿಷನರಿ ಹೆಂಗಸರು ಗೋದಾವರಿ ಸೀಮೆಯ ಹಳ್ಳಿಗಳಿಗೆ ಈ ಕೆಲಸ ತಂದ ಕತೆಯನ್ನು ತಮ್ಮ ಮನೆಯ ಸಂಗತಿಯಂತೆ ಹೇಳುತ್ತಿದ್ದರು. ಬರೀ ಸೂಜಿಯಲ್ಲಿ ಹೊಲಿಯುವ ಲೇಸು ಬೇರೆ, ದಿಂಬಿನ ಮೇಲೆ ಗುಂಡುಪಿನ್ನು ಚುಚ್ಚಿ ದಾರ ಸುತ್ತಿದ ಕಡ್ಡಿಗಳನ್ನು ಅತ್ತಿಂದಿತ್ತ ಹಾಯಿಸುವ ಲೇಸು ಬೇರೆ, ನಮ್ಮದು ಕೊಕ್ಕೆಯದು, ಕ್ರೋಶಾ ಅನ್ನುತ್ತಾರಲ್ಲ, ಅದು. ಐರ್ಲೆಂಡಿನಲ್ಲಿ ಆಲೂಗಡ್ಡೆ ಬೆಳೆ ಕೊಳೆತು ಜನ ಹಸಿದಾಗ ಅಲ್ಲಿನ ಹೆಂಗಸರೂ ಕೊಕ್ಕೆ ಹಿಡಿದೇ ಮಕ್ಕಳ ಹೊಟ್ಟೆ ತುಂಬಿಸಿದರಂತೆ. ನನಗೆ ಕಸೂತಿ ಬರುತ್ತಿತ್ತು. ಕಸೂತಿಗಾದರೆ ಕೆಳಗೆ ಬಟ್ಟೆಯ ಆಸರೆ ಇರುತ್ತದೆ. ಲೇಸಿಗೆ ಬಟ್ಟೆಯೇ ಇಲ್ಲ, ದಾರಕ್ಕೆ ದಾರವೇ ಗತಿ.

ನನ್ನ ಕೈ ಬಿಗಿ. ಬೇರೆ ದಾರದಲ್ಲಿ ಎಷ್ಟು ಅಭ್ಯಾಸ ಮಾಡಿದರೂ ಲೇಸು ಮುದುಡಿಕೊಳ್ಳುತ್ತಿತ್ತು. ಸೂಜಿಯೇ ಸರಿಯಿಲ್ಲ ಎಂದೆ, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಟೀಚರ್ ನಗಲಿಲ್ಲ. ಒಂದು ಲೇಸಿಗೆ ಒಂದೇ ಕೈ ಇರಬೇಕು, ಎರಡು ಕೈ ಸೇರಿದರೆ ಕಂಡೇ ಕಾಣುತ್ತದೆ ಎಂದರು.

"ಕಂಡರೆ ಕಾಣಲಿ, ನನ್ನ ತಂಗಿ ಕೈ ಅದು," ಎಂದೆ.

ರಜೆಗೆ ತಂಗಿಯ ಮಗಳು ಬಂದಳು. ಅವಳ ಕನ್ನಡ ಮನೆಯೊಳಗಿನದು, ಅದೂ ಸವೆಯುತ್ತಿದೆ. ನನ್ನನ್ನು ದೊಡ್ಡಮ್ಮ ಎನ್ನದೆ ತೆಲುಗಿನವರಂತೆ ಪೆದ್ದಮ್ಮ ಎನ್ನುತ್ತಾಳೆ. ಟೀಚರ ಹತ್ತಿರ ಕೂತು ನನಗಿಂತ ಬೇಗ ಕಲಿತುಬಿಟ್ಟಳು. ಅವ್ವನ ಕೈಗುಣ ಬಂದಿದೆ ಎಂದು ನಾನು ಒಳಗೊಳಗೇ ಹಿಗ್ಗಿದೆ.

ಒಂದು ಸಂಜೆ ಬ್ಯಾಂಕಿನಿಂದ ಬಂದು ನೋಡಿದರೆ ಹುಡುಗಿ ನೆಲದ ಮೇಲೆ ಕೂತು ಕುರ್ಚಿಯ ಬೆನ್ನಿಗೆ ದಾರ ಸುತ್ತುತ್ತಿದ್ದಾಳೆ. ತಂಗಿಯ ಲೇಸು ಪೂರ್ತಿ ಬಿಚ್ಚಿಹೋಗಿದೆ. ಸೂಜಿ ಒಂದು ಬದಿಗೆ ಬಿದ್ದಿದೆ. ಕೂಗಿಬಿಟ್ಟೆ:

"ಅಯ್ಯ ನನ ಕರ್ಮ! ಏನು ಮಾಡಿದಿವಾ? ಬುದ್ಧಿ ಅದ ಏನು ನಿನಗ? ನಿಮ್ಮವ್ವನ ಕೈಲೆ ಮಾಡಿದ್ದು ಅದೊಂದ ಉಳದಿತ್ತಲ್ಲ!"

ಹುಡುಗಿ ತಲೆ ಎತ್ತಲಿಲ್ಲ. ದಾರ ಸುತ್ತುತ್ತಲೇ ಹೇಳಿದಳು:

"ನೀವು ನೋಡಿಲ್ಲ ಪೆದ್ದಮ್ಮ. ದಿನಾ ನಾ ಬಾಜೂನ ಕೂಡ್ತಿದ್ದೆ. ಮೊದಲು ಚಂದ ಬರ್ತಿತ್ತು. ಆಮೇಲೆ ಅಮ್ಮನ ಕೈಯಾಗ ಸೂಜಿ ನಿಲ್ತಿರಲಿಲ್ಲ. ಎಲ್ಲಿ ಲೂಸ್ ಆಗಿತ್ತು, ಆವತ್ತು ಅಮ್ಮಗ ಏನಾಗಿತ್ತು, ಎಲ್ಲಾ ನನಗ ಗೊತ್ತದ. ಅದನ್ನ ಮೈಮ್ಯಾಲೆ ಹಾಕ್ಕೊಂಡು ಎಲ್ಲಾರ ಮುಂದ ಹೆಂಗ ಕೂಡ್ಲಿ? ನಾ ವಲ್ಲ ಕಾದು ಪೆದ್ದಮ್ಮ, ನನ್ನ ಕೈಲಿ ಆಗಲ್ಲ."

ಆ ಸಡಿಲ ಕುಣಿಕೆಗಳನ್ನು ನಾನೂ ನೋಡಿದ್ದೆ. ಬೆರಳಾಡಿಸಿ ಮುದ್ದಿಸಿದ್ದೆ. ನಾನು ಊರಿನಿಂದ ಊರಿಗೆ ಫೋನಿನಲ್ಲಿ ವಿಚಾರಿಸಿಕೊಂಡವಳು, ಇವಳು ಪಕ್ಕದಲ್ಲಿ ಕೂತು ಕಂಡವಳು. ಕೂತಲ್ಲೇ ಗಳಗಳನೆ ಅತ್ತೆ. ಅವಳೂ ಅತ್ತಳು. ಒಬ್ಬರನ್ನೊಬ್ಬರು ಸಮಾಧಾನ ಮಾಡಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ದಾರದ ಲಡಿಯನ್ನು ಕುರ್ಚಿಯಿಂದ ತೆಗೆದು ನನ್ನ ಕೈಗೆ ಕೊಟ್ಟಳು. "ನೀರಾಗ ಅದ್ದಿದರ ನೆಟ್ಟಗಾಗ್ತದಂತ. ಟೀಚರ್ ಅಂದ್ರು. ಇದೇ ದಾರದಾಗ ನಾ ಮೊದಲಿಂದ ಹಾಕ್ತೀನಿ."

ಬಿಚ್ಚಿದ ದಾರ ನೆಟ್ಟಗಿರುವುದಿಲ್ಲ. ತಂಗಿ ಕೊಕ್ಕೆ ತಿರುಗಿಸಿದಲ್ಲೆಲ್ಲ ಸಣ್ಣ ಸುರುಳಿ ಹಾಗೇ ಇತ್ತು, ಉದ್ದಕ್ಕೂ ಇತ್ತು. ಒಂದು ಸಲ ಕೆನ್ನೆಗೆ ಒತ್ತಿಕೊಂಡೆ. ಆಮೇಲೆ ಬಚ್ಚಲಿಗೆ ಹೋಗಿ ಬಕೆಟ್ಟಿನ ನೀರಿನಲ್ಲಿ ನಾನೇ ಅದ್ದಿದೆ.