ಗೌಸಸಾಬನ ಮೂರನೆಯ ತಂತಿ

ಹಳೇ ಹುಬ್ಬಳ್ಳಿಯ ಓಣಿಯೊಳಗೆ ಗೌಸಸಾಬ ಚಕ್ಕಡಿಯಲ್ಲಿ ಲೇತ್ ಮಷೀನು ತಂದು ಇಳಿಸಿದಾಗ ನೆರೆಯವರಿಗೆ ನಗು ಬಂತು. ಓಣಿಗೆ ಬರುತ್ತಿದ್ದದ್ದು ಎರಡು ತಂತಿಯ ಕರೆಂಟು, ದೀಪ ಹತ್ತಿಸುವುದಕ್ಕೆ ಮಾತ್ರ ಸಾಕು. ಲೇತಿನ ಮೋಟಾರು ತಿರುಗಲು ಮೂರು ತಂತಿ ಬೇಕು, ಅದನ್ನು ಕೊಡುತ್ತಿದ್ದದ್ದು ದೊಡ್ಡ ಗಿರಣಿಗಳಿಗಷ್ಟೇ. ಎರಡನೆಯ ಮಹಾಯುದ್ಧ ನಡೆದಿತ್ತು. ತಾಮ್ರ ಸಿಗುವುದೇ ದುಸ್ತರವಾಗಿದ್ದಾಗ ಇವನ ಬಾಗಿಲಿಗೆ ಹೊಸ ಲೈನು ಯಾರು ಎಳೆದಾರು?

ಅದೇ ಚಕ್ಕಡಿಯಲ್ಲಿ ಗೋಣಿತಾಟು ಹೊದಿಸಿದ ಇನ್ನೊಂದು ಜಿನಸು ಇತ್ತು. ಅದನ್ನು ಯಾರಿಗೂ ತೋರಿಸದೆ ಅವನು ಹಿಂದಿನ ಖೋಲಿಗೆ ಸೇರಿಸಿದ. ಹೆಂಡತಿ ಮೀರಾಬಿ ಗೋಣಿಯ ತುದಿ ಎತ್ತಿ ನೋಡಿದವಳು ಗೋಣಿ ಬಿಟ್ಟು ಹಿಂದೆ ಸರಿದಳು. ಆ ದಿನ ಮನೆಯಲ್ಲಿ ಒಲೆ ಹೊತ್ತಲಿಲ್ಲ.

ಅದು ಗಿರಿಯಪ್ಪನನ್ನು ಕೊಂದ ಮೋಟಾರು.

ಗೌಸಸಾಬ ಮತ್ತು ಗಿರಿಯಪ್ಪ ಊರಾಚೆಯ ಹತ್ತಿ ಬಿಡಿಸುವ ಒಂದು ಜಿನ್ನಿನಲ್ಲಿ ಜೊತೆಗೆ ದುಡಿದವರು. ಗೌಸಸಾಬ ಫಿಟ್ಟರು, ಗಿರಿಯಪ್ಪ ಮೋಟಾರು ನೋಡಿಕೊಳ್ಳುವವನು. ಗಿರಿಯಪ್ಪನ ಬುತ್ತಿಯ ರೊಟ್ಟಿ, ಶೇಂಗಾ ಚಟ್ನಿಯಲ್ಲಿ ಅರ್ಧ ಯಾವಾಗಲೂ ಗೌಸಸಾಬನದು. ಒಂದು ದಿನ ಗಿರಿಯಪ್ಪ ಅವನನ್ನು ಕೈಮಾಡಿ ಕರೆದು, ಸುಟ್ಟುಹೋದ ಒಂದು ಫ್ಯೂಸು ತೋರಿಸಿದ.

"ಗೌಸ್ಯಾ, ಒಂದು ತಂತಿ ಸತ್ತೈತಿ. ಆದ್ರ ನೋಡು, ಒಂದ ಮೋಟರೂ ನಿಂತಿಲ್ಲ."

"ಮತ್ತ ಹ್ಯಾಂಗ ತಿರಗಾಕತ್ತಾವು?"

"ದೊಡ್ಡದು ತಿರಗಾಕತ್ತೈತಲ್ಲ, ಅದ ಸತ್ತ ತಂತಿಗೆ ಜೀವಾ ತುಂಬಾಕತ್ತೈತಿ. ಅದನ್ನ ನಿಂದರಿಸಿದ್ರ ಎಲ್ಲಾ ನಿಂತ್ವು ಅಂತ ತಿಳ್ಕೊ."

ಗಿರಿಯಪ್ಪ ಸತ್ತದ್ದು ಆ ದೊಡ್ಡ ಮೋಟಾರಿನ ಗಾಲಿಯ ಪಟ್ಟಾಕ್ಕೆ ಹೆಗಲ ಮೇಲಿನ ವಲ್ಲಿ ಸಿಕ್ಕು. ಗೌಸಸಾಬ ಓಡಿ ಸ್ವಿಚ್ ತೆಗೆದ. ಕರೆಂಟು ಹೋಯಿತು, ಗಾಲಿ ನಿಲ್ಲಲಿಲ್ಲ. ತುಂಬಿದ ವೇಗದಲ್ಲಿದ್ದ ಅಷ್ಟು ಭಾರದ ಕಬ್ಬಿಣ ತನ್ನ ಪಾಡಿಗೆ ತಾನು ತಿರುಗುತ್ತ, ಗೊಂಯ್‌ಗುಡುತ್ತ, ನಿಧಾನಕ್ಕೆ ಇಳಿಯಿತು. ಅಷ್ಟು ಹೊತ್ತೂ ಗಿರಿಯಪ್ಪ ಅವನ ಮುಂಗೈ ಹಿಡಿದುಕೊಂಡಿದ್ದ. ತುಟಿಗಳು ಆಡುತ್ತಿದ್ದವು. ಆ ಸದ್ದಿನಲ್ಲಿ ಗೌಸಸಾಬನಿಗೆ ಒಂದು ಅಕ್ಷರವೂ ಕೇಳಿಸಲಿಲ್ಲ. ಗಾಲಿ ನಿಂತಾಗ ತುಟಿಗಳೂ ನಿಂತಿದ್ದವು.

ಗಿರಿಯಪ್ಪನ ಹೆಂಡತಿ ಚನ್ನಬಸವ್ವನ ಮುಂದೆ ಮಾಲಕರ ಕಡೆಯವರು, ಜೀವ ಒಮ್ಮೆಲೇ ಹೋಯಿತು ಎಂದರು. ಪಕ್ಕದಲ್ಲಿ ನಿಂತಿದ್ದ ಗೌಸಸಾಬನೂ ಹೌದೆಂದು ಗೋಣು ಹಾಕಿದ. ಅವಳು ತವರೂರು ಅಮ್ಮಿನಬಾವಿಗೆ ಹೋದಳು. ಯುದ್ಧದಿಂದಾಗಿ ಹತ್ತಿ ಹಡಗು ಹತ್ತುವುದು ನಿಂತು, ಜಿನ್ನಿಗೆ ಬೀಗ ಬಿತ್ತು. ಸಾಮಾನುಗಳನ್ನು ಲಿಲಾವು ಕೂಗಿದಾಗ ಆ ಮೋಟಾರನ್ನು ಯಾರೂ ಮುಟ್ಟಲಿಲ್ಲ. ಮುಟ್ಟಿದವನು ಗೌಸಸಾಬ ಒಬ್ಬನೇ. ಯಾಕೆ ಕೊಂಡೆ ಎಂದು ಮೀರಾಬಿ ಕೇಳಿದರೆ, ಇಷ್ಟು ದೊಡ್ಡದು ಬೇರೆ ಎಲ್ಲೂ ಸಿಗುವುದಿಲ್ಲ ಎಂದ. ಅದು ಖರೆಯೂ ಆಗಿತ್ತು.

ಅದನ್ನು ನೆಲಕ್ಕೆ ಬಿಗಿದು, ಓಣಿಯ ಎರಡು ತಂತಿಗಳನ್ನು ಅದರ ಎರಡು ತುದಿಗೆ ಕಟ್ಟಿದ. ಮೂರನೆಯ ತುದಿಯನ್ನು ಖಾಲಿ ಬಿಟ್ಟ. ಎರಡೇ ತಂತಿಯಲ್ಲಿ ಅದು ತಾನಾಗಿ ಏಳಲಾರದು, ಸುಮ್ಮನೆ ನಿಂತಲ್ಲೇ ಮುಲುಗುತ್ತದೆ. ಅದಕ್ಕೇ ಗಾಲಿಗೆ ಹಗ್ಗ ಸುತ್ತಿ, ಬುಗುರಿ ಬಿಡುವ ಹಾಗೆ ಮೈಯೆಲ್ಲ ಹಾಕಿ ಎಳೆದ. ಗಾಲಿ ತಿರುಗಿತು. ಸ್ವಿಚ್ ಒತ್ತಿದ. ಮೋಟಾರು ಒಮ್ಮೆ ನಡುಗಿ, ಕರೆಂಟು ಹಿಡಿದು, ವೇಗಕ್ಕೆ ಏರಿತು. ಆಮೇಲೆ ಖಾಲಿ ತುದಿಗೆ ಒಂದು ಬಲ್ಬು ಕಟ್ಟಿದ. ಹೊರಗಿನಿಂದ ಯಾರೂ ಎಳೆದು ತರದ ಆ ತಂತಿಯ ಮೇಲೆ ಬಲ್ಬು ಹತ್ತಿಕೊಂಡಿತು. ಗೌಸಸಾಬ ಅದನ್ನು ನೋಡುತ್ತ ಕುಕ್ಕರುಗಾಲಲ್ಲಿ ಕುಳಿತುಬಿಟ್ಟ.

ಓಣಿಯ ಎರಡು ತಂತಿಯ ಜೊತೆಗೆ ಆ ಮೂರನೆಯದನ್ನೂ ಕೂಡಿಸಿ ಲೇತಿನ ಮೋಟಾರಿಗೆ ಕೊಟ್ಟಾಗ ಲೇತು ನಡೆಯಿತು. ನಕ್ಕವರೇ ಸವೆದ ಗಾಡಿ ಅಚ್ಚು ಹೊತ್ತುಕೊಂಡು ಬಾಗಿಲಿಗೆ ಬಂದರು. ಹಗಲೆಲ್ಲ ಕೆಲಸದ ಗದ್ದಲದಲ್ಲಿ ಅವನಿಗೆ ಏನೂ ಅನಿಸುತ್ತಿರಲಿಲ್ಲ. ಸಂಜೆ ಲೇತು ನಿಲ್ಲಿಸಿ ಕೊನೆಗೆ ದೊಡ್ಡದರ ಸ್ವಿಚ್ ತೆಗೆದಾಗ ಮಾತ್ರ ಕಾಲು ಅಲ್ಲೇ ಕೀಲಿಸಿದಂತಾಗುತ್ತಿತ್ತು. ಸದ್ದು ಸಣ್ಣದಾಗುತ್ತ ಆಗುತ್ತ ಗಂಟಲಿನ ಸದ್ದಿನಂತಾಗುತ್ತಿತ್ತು, ಇನ್ನೇನು ಮಾತಾಗಬೇಕು ಎನ್ನುವಷ್ಟರಲ್ಲಿ ಆರಿಹೋಗುತ್ತಿತ್ತು. ಅವನು ಬಗ್ಗಿ ಕಿವಿಗೊಟ್ಟು ನಿಲ್ಲುತ್ತಿದ್ದ. ಮೀರಾಬಿ ಊಟಕ್ಕೆ ಕರೆದರೂ ಕೈಯೆತ್ತಿ ತಡೆಯುತ್ತಿದ್ದ. ಗಿರಿಯಪ್ಪ ಹಿಡಿದಿದ್ದ ಮುಂಗೈ ತಣ್ಣಗಾಗಿರುತ್ತಿತ್ತು.

ಮಳೆಗಾಲ ಮುಗಿಯುವಾಗ ಚನ್ನಬಸವ್ವ ಅರಳೆ ಹಿಂಜುವ ಕೆಲಸ ಹಿಡಿದು ಹುಬ್ಬಳ್ಳಿಗೆ ಮರಳಿದಳು. ಒಂದು ಸಂಜೆ ಓಣಿಯಲ್ಲಿ ಹಾಯುತ್ತಿದ್ದವಳು ಆ ಸದ್ದಿಗೆ ಗಕ್ಕನೆ ನಿಂತಳು. ಜಿನ್ನಿಗೆ ಬುತ್ತಿ ಒಯ್ದು ಕೊಡುತ್ತಿದ್ದ ಹೆಂಗಸು ಅವಳು, ಆ ಸದ್ದಿನ ಗುರುತು ಅವಳಿಗೆ ಬೇರೆ ಹೇಳಬೇಕಿರಲಿಲ್ಲ. ಕರೆಯದೆಯೇ ಒಳಗೆ ಬಂದಳು.

"ಗೌಸಣ್ಣ, ಇದು ಅದ ಹೌದಿಲ್ಲೋ?"

ಗೌಸಸಾಬ ಆಗಷ್ಟೇ ಸ್ವಿಚ್ ತೆಗೆದಿದ್ದ. "ಹೌದ್ರಿ ಅಕ್ಕಾರ."

ಅವಳು ಅಳಲಿಲ್ಲ, ಬೈಯಲಿಲ್ಲ. ಗೋಡೆಗೆ ಕೈಯಾನಿಸಿ ನಿಂತು, ಗಾಲಿ ಪೂರ್ತಿ ಶಾಂತವಾಗುವ ತನಕ ನೋಡಿದಳು.

"ಕರೆಂಟ್ ತಗದ ಮ್ಯಾಲೂ ಇಷ್ಟೊತ್ತು ತಿರಗತೈತೇನು? ಅವತ್ತೂ ಹಿಂಗ ತಿರಗಿತ್ತೇನು?"

"ಅವತ್ತ ಇನ್ನೂ ಜಾಸ್ತಿ ತಿರಗಿತ್ರಿ."

"ಒಮ್ಮೆಲೇ ಹೋದ್ರು ಅಂದಿದ್ರಿ."

"ಅಲ್ರಿ." ಅವನ ದನಿ ಕೆಳಗಿಳಿಯಿತು. "ಅದು ನಿಂದ್ರೂತನಾ ಇದ್ದ. ನನ್ನ ಕೈ ಹಿಡಕೊಂಡಿದ್ದ. ಏನೋ ಹೇಳಾಕತ್ತಿದ್ದ."

"ಏನು?"

"ಕೇಳಲಿಲ್ರಿ. ಇದರ ಸಪ್ಪಳಾ. ಬಾಯಿಗೆ ಕಿವಿ ಹಚ್ಚಿದ್ರೂ ಕೇಳಲಿಲ್ಲ. ದಿನಾ ಸಂಜಿಕ ನಿಂತು ಕೇಳತೇನಿ. ಇವತ್ತರೆ ಕೇಳೀತು ಅನಸತೈತಿ."

ಚನ್ನಬಸವ್ವ ಹೊಸ್ತಿಲ ಮೇಲೆ ಕುಳಿತಳು. ಮೀರಾಬಿ ನೀರು ತಂದುಕೊಟ್ಟಳು, ಅವಳು ಕುಡಿಯದೆ ತಂಬಿಗೆ ಹಿಡಿದುಕೊಂಡೇ ಇದ್ದಳು.

ಮರುದಿನ ಸಂಜೆಯೂ ಬಂದಳು. ಅದರ ಮರುದಿನವೂ. ಸ್ವಿಚ್ ತೆಗೆಯುವ ಹೊತ್ತಿಗೆ ಸರಿಯಾಗಿ ಬಂದು, ಹೊಸ್ತಿಲಲ್ಲಿ ಕುಳಿತು, ಅವನ ಜೊತೆಗೆ ಕಿವಿಗೊಡುವಳು. ನಿಂತ ಮೇಲೆ ಒಬ್ಬರ ಮುಖ ಒಬ್ಬರು ನೋಡುವರು, ಅವಳು ತಲೆಯಲ್ಲಾಡಿಸಿ ಎದ್ದುಹೋಗುವಳು. ಅವಳ ಕಣ್ಣು ಗುಳಿಬಿದ್ದವು. ಒಂದು ದಿನ ಅವಳು, "ಇವತ್ತ ನನ್ನ ಹೆಸರು ಕೇಳಿದಂಗಾತು," ಎಂದಳು. ಅದೇ ಸಂಜೆ ಗೌಸಸಾಬನಿಗೂ ತನ್ನ ಹೆಸರು ಕೇಳಿದಂತಾಗಿತ್ತು.

ಅವಳು ಹೋದ ಮೇಲೆ ಮೀರಾಬಿ ಎಂದೂ ಇಲ್ಲದ ಕಠಿಣ ದನಿಯಲ್ಲಿ, ಆ ಹೆಂಗಸನ್ನೂ ನೀನು ಅದರ ಬಾಯಿಗೆ ಕೊಡುತ್ತಿದ್ದೀ ಎಂದಳು.

ಗೌಸಸಾಬ ಎರಡು ದಿನ ಗಿರಾಕಿಗಳನ್ನು ವಾಪಸು ಕಳಿಸಿದ. ಜಾಲಿಯ ಕಟ್ಟಿಗೆ ಕಡಿದು ಗಾಲಿಯ ದುಂಡಿಗೆ ಸರಿಯಾಗಿ ಕೆತ್ತಿದ, ಅದಕ್ಕೆ ತೊಗಲು ಹೊಡೆದು, ಕಬ್ಬಿಣದ ಸನ್ನೆಕೋಲಿನ ತುದಿಗೆ ಕೂಡಿಸಿದ. ಸ್ವಿಚ್ ತೆಗೆದು ಸನ್ನೆಯನ್ನು ಕಾಲಲ್ಲಿ ತುಳಿದರೆ ಕಟ್ಟಿಗೆ ಗಾಲಿಯನ್ನು ಕಚ್ಚಿ ಹಿಡಿಯಬೇಕು. ಪಟ್ಟಾ, ಗಾಲಿ ಎಲ್ಲಕ್ಕೂ ತಂತಿಯ ಜಾಳಿಗೆ ಹಾಕಿದ.

ಆ ಸಂಜೆ ಚನ್ನಬಸವ್ವ ಬಂದಾಗ, "ಅಕ್ಕಾರ, ಇವತ್ತ ನೀವ ತುಳೀರಿ," ಎಂದ.

ಅವಳು ಜಾಳಿಗೆಯನ್ನೂ ಸನ್ನೆಯನ್ನೂ ನೋಡಿದಳು. ಏನೆಂದು ತಿಳಿಯಿತು. "ಇದ್ನ ತುಳಿದ್ರ ಮತ್ತ ಕೇಳಂಗಿಲ್ಲ."

"ಇಲ್ರಿ."

ಅವಳು ಹೊಸ್ತಿಲ ಮೇಲೆ ಕುಳಿತಳು. ಆಮೇಲೆ ಸೀರೆ ಸಾವರಿಸಿಕೊಂಡು ಎದ್ದಳು. ಅವನು ಸ್ವಿಚ್ ತೆಗೆದ. ಅವಳು ಎರಡೂ ಕೈಯಿಂದ ಗೋಡೆ ಹಿಡಿದು ತನ್ನ ಇಡೀ ಭಾರ ಹಾಕಿ ತುಳಿದಳು. ತೊಗಲು ಸುಟ್ಟ ನಾತ ಬಂತು, ಮೋಟಾರು ಒಮ್ಮೆ ಕಿರುಚಿ ತಟ್ಟನೆ ನಿಂತಿತು. ಅಷ್ಟು ಬೇಗ ಆದ ನಿಶ್ಶಬ್ದಕ್ಕೆ, ಒಳಗಿನಿಂದ ಬಂದು ನಿಂತಿದ್ದ ಮೀರಾಬಿಯೂ ಸೇರಿ ಮೂವರೂ ಬೆಚ್ಚಿದರು. ಪಕ್ಕದ ಮನೆಯಲ್ಲಿ ಯಾರೋ ರೊಟ್ಟಿ ಬಡಿಯುವುದು ಕೇಳಿಸಿತು.

"ಅವತ್ತ ಇದು ಇದ್ದಿದ್ರ," ಎಂದಳು ಚನ್ನಬಸವ್ವ. ಮೀರಾಬಿಯ ಹೆಗಲಿಗೆ ಮುಖವಿಟ್ಟು ಅತ್ತಳು, ಗಂಡ ಸತ್ತ ಮೇಲೆ ಮೊದಲ ಸಲ.

ಮುಂದೆ ಹಿಟ್ಟಿನ ಗಿರಣಿಯವರು, ಕಟ್ಟಿಗೆ ಕೊಯ್ಯುವವರು, ಧಾರವಾಡದ ಒಂದಿಬ್ಬರು ತಮಗೂ ಇಂಥದ್ದು ಕಟ್ಟಿಕೊಡು ಎಂದು ಗೌಸಸಾಬನ ಬಳಿ ಬಂದರು. ಎಲ್ಲಿಂದಲೋ ಹಳೆಯ ಮೋಟಾರು ಹುಡುಕಿ ಕಟ್ಟಿಕೊಟ್ಟ. ಜಾಳಿಗೆ ಯಾಕೆ, ಸನ್ನೆ ಯಾಕೆ, ಸುಮ್ಮನೆ ಖರ್ಚು ಎಂದವರ ಕೆಲಸವನ್ನು ಮಾತ್ರ ಹಿಡಿಯಲಿಲ್ಲ. ಚನ್ನಬಸವ್ವ ಸಂಜೆ ಬರುವುದನ್ನು ಬಿಟ್ಟಳು. ಹಗಲು ಬರುತ್ತಿದ್ದಳು, ಮೀರಾಬಿಯ ಜೊತೆ ಅಡುಗೆಮನೆಯಲ್ಲಿ ಕುಳಿತು ಹೋಗುತ್ತಿದ್ದಳು. ಗೌಸಸಾಬ ಸನ್ನೆ ತುಳಿದು, ಕೈ ಒರೆಸಿಕೊಂಡು, ಕರೆದ ಕೂಡಲೇ ಊಟಕ್ಕೆ ಏಳತೊಡಗಿದ. ಆದರೂ ಎಲ್ಲಾದರೂ ಬೇರೆಯವರ ಗಿರಣಿಯಲ್ಲಿ ಮೋಟಾರು ತಾನಾಗಿ ನಿಲ್ಲುತ್ತಿದ್ದರೆ ಅವನು ಆಡುತ್ತಿದ್ದ ಮಾತನ್ನು ಅರ್ಧಕ್ಕೇ ಬಿಟ್ಟು ಅದಕ್ಕೆ ಕಿವಿಗೊಡುತ್ತಿದ್ದ. ಆ ರೂಢಿ ಕೊನೆತನಕ ಅವನನ್ನು ಬಿಟ್ಟುಹೋಗಲಿಲ್ಲ.