1333 ಕೂಡಿಸು 1600

ನಾನು ಹೇಳುವುದನ್ನು ನೀವು ನಂಬುವುದಿಲ್ಲ, ಬರೆದುಕೊಡುತ್ತೇನೆ. ನಮ್ಮ ಕ್ಲಾಸಿನ ಹುಡುಗಿಯರು ಒಬ್ಬರೂ ನಂಬಿಲ್ಲ. ಅವರಲ್ಲಿ ಮೂವರಂತೂ ಆ ದಿನ ನಮ್ಮ ಪಡಸಾಲೆಯಲ್ಲೇ ಕುಳಿತು ಎಲ್ಲವನ್ನೂ ಕಣ್ಣಾರೆ ಕಂಡವರು!

ಮೊದಲು ನಮ್ಮ ಕಂಪ್ಯೂಟರಿನ ಪರಿಚಯ. ವಯಸ್ಸಿನಲ್ಲಿ ನನಗಿಂತ ಎರಡು ವರ್ಷ ಚಿಕ್ಕದು, ನಡಿಗೆಯಲ್ಲಿ ನಮ್ಮ ಆಯಿಗಿಂತ, ಅಂದರೆ ಅಪ್ಪನ ತಾಯಿಗಿಂತ, ನಿಧಾನ. ಬೈಲಹೊಂಗಲದಲ್ಲಿ ಕೋರ್ಟಿನ ಹಿಂದಿನ ಓಣಿಯಲ್ಲಿ ನಮ್ಮ ಮನೆ. ಕಿಟಕಿಯ ಪಕ್ಕ ಟೇಬಲ್ಲು, ಟೇಬಲ್ಲಿನ ಮೇಲೆ ಅದು, ಅದರ ಮುಂದೆ ಅವ್ವ. ಅವ್ವ ಜನರಿಗೆ ಅರ್ಜಿ ಟೈಪ್ ಮಾಡಿಕೊಡುತ್ತಾಳೆ. ‘ಮಾನ್ಯ ತಹಶೀಲ್ದಾರ ಸಾಹೇಬರಿಗೆ’ ಎಂದು ಹೊಡೆದು, ಒಳಗೆ ಹೋಗಿ ಚಹಾ ಸೋಸಿಕೊಂಡು ಬಂದರೆ, ಪರದೆಯ ಮೇಲೆ ಆಗಷ್ಟೇ ‘ಮಾನ್ಯ’ ಬಂದಿರುತ್ತಿತ್ತು. ಸಾಹೇಬರು ಬರುವ ಹೊತ್ತಿಗೆ ಚಹಾ ಆರಿರುತ್ತಿತ್ತು.

ಯಾವಾಗ ಕೈಕೊಡುತ್ತದೋ ಎಂಬ ಹೆದರಿಕೆಗೆ ಅವ್ವ ನಾಲ್ಕು ಶಬ್ದಕ್ಕೊಮ್ಮೆ ಸೇವ್ ಮಾಡುತ್ತಿದ್ದಳು. ಎಡಗೈ ಕಿರುಬೆರಳಿಗೆ ಅದು ಎಷ್ಟು ರೂಢಿಯಾಗಿತ್ತೆಂದರೆ, ರೊಟ್ಟಿ ಮಾಡುವಾಗ ಆಯಿ ನಿಧಾನಕ್ಕೆ ಬಡಿದು ಕೊಡುವ ತನಕ ಕಾದ ಹಂಚಿನ ಮುಂದೆ ಕಾಯುತ್ತಿದ್ದ ಅವ್ವನ ಆ ಬೆರಳು ಗಾಳಿಯಲ್ಲೇ ಸೇವ್ ಮಾಡುತ್ತಿತ್ತು.

ಅಂಥ ಅವ್ವನಿಗೂ ಒಂದು ಮಂಗಳವಾರ ಅದು ಕೈಕೊಟ್ಟಿತು. ದೊಡವಾಡದ ಒಬ್ಬ ಅಜ್ಜ ಬಂದಿದ್ದರು. ಅವರ ಹೊಲದ ಪಹಣಿಯಲ್ಲಿ ಯಾರೋ ಒಂದು ಅಕ್ಷರ ತಪ್ಪಿಸಿ, ಅಜ್ಜನ ಹೆಸರು ಹೆಂಗಸಿನ ಹೆಸರಾಗಿತ್ತು. ಅದನ್ನು ತಿದ್ದಿಕೊಡಿ ಎಂದು ಎರಡು ಪುಟದ ಅರ್ಜಿ. ಅವ್ವ ಕೊನೆಯ ಸಾಲಿಗೆ ಬಂದು ಸೇವ್ ಮಾಡಿದ ಗಳಿಗೆಯಲ್ಲೇ ಪರದೆ ಕಲ್ಲಾಯಿತು. ಮತ್ತೆ ಚಾಲೂ ಮಾಡಿ ನೋಡಿದರೆ ಸೇವ್ ಮಾಡಿಟ್ಟ ಫೈಲೇ ಕೆಟ್ಟು, ಎರಡೂ ಪುಟ ಮಾಯ.

“ಇರ್ಲಿ ಬಿಡ್ರಿ ಅಕ್ಕಾರ,” ಅಂದರು ಅಜ್ಜ. “ಎಪ್ಪತ್ತ ವರ್ಷ ಗಂಡಸಾಗಿದ್ದೆ, ಇನ್ನ ನಾಕ ದಿನ ಹೆಂಗಸಾಗಿರತೇನಿ. ರವಿವಾರ ಬರತೇನಿ. ಸೋಮವಾರ ಕಚೇರ್ಯಾಗ ಕೊಡಬೇಕ ನೋಡ್ರಿ ಮತ್ತ.”

ಅಜ್ಜ ನಗಿಸಿ ಹೋದರು. ಅವ್ವ ಮಾತ್ರ ನಗಲಿಲ್ಲ. ಕೀಬೋರ್ಡಿನ ಮೇಲೆ ಟವೆಲ್ ಹೊದಿಸಿ, ಆಯಿಗೆ ಹೇಳಿದಳು: “ರವಿವಾರನೂ ಹಿಂಗ ಮಾಡಿದ್ರ ಸೋಮವಾರ ಗುಜರಿಯವಂಗ ಹಾಕಿಬಿಡತೇನ್ರಿ. ಟೈಪಿಂಗೂ ಬ್ಯಾಡ, ಮಂದಿ ಮುಂದ ಮಾರಿ ಸಣ್ಣ ಮಾಡಕೊಳ್ಳೋದೂ ಬ್ಯಾಡ.”

ಆ ಟೇಬಲ್ಲಿನ ಮುಂದೆ ಕುಳಿತಾಗ ಮಾತ್ರ ಅವ್ವನನ್ನು ಜನ ‘ಅಕ್ಕಾರ’ ಅನ್ನುತ್ತಾರೆ. ಉಳಿದ ಹೊತ್ತು ಅವಳು ಇಂಥವರ ಸೊಸೆ, ಇಂಥವರ ಹೆಂಡತಿ. ನನಗೆ ಅಳು ಬರಲಿಲ್ಲ. (ಬಂತು. ಆದರೆ ಬರೆಯುತ್ತಿರುವವಳು ನಾನು.)

ಶನಿವಾರ ಸಾಲೆ ಬಿಟ್ಟದ್ದೇ ಸವದತ್ತಿ ಬಸ್ ಹತ್ತಿದೆ. ಅಲ್ಲಿ ನನ್ನ ಮಾಮಾನ, ಅಂದರೆ ಅವ್ವನ ತಮ್ಮನ, ಕಂಪ್ಯೂಟರ್ ರಿಪೇರಿ ಅಂಗಡಿ ಇದೆ. ಎಲ್ಲ ಕೇಳಿಸಿಕೊಂಡ ಮಾಮಾ ಹಳೆಯ ಡಬ್ಬಿಯಲ್ಲಿ ಕೈಯಾಡಿಸಿ, ಬಾಚಣಿಕೆಯಷ್ಟು ಉದ್ದದ ಹಸಿರು ಪಟ್ಟಿಯೊಂದನ್ನು ತೆಗೆದ. ರ್‍ಯಾಮ್. ಕಂಪ್ಯೂಟರ್ ಕೆಲಸ ಮಾಡುವಾಗ ಎಲ್ಲವನ್ನೂ ಹರವಿಕೊಳ್ಳುವ ಜಾಗ ಅದೇ.

“ನಿಮ್ಮದರಾಗ ಎರಡ ಜಿಬಿದು ಒಂದ ಐತಿ, 1333 ವೇಗದ್ದು. ಇದು ನಾಕ ಜಿಬಿ, 1600. ಬಾಜೂ ಖಾಲಿ ಜಾಗಾದಾಗ ಹಾಕು. ಆದ್ರ ಒಂದ ಮಾತ ಕೇಳಿಲ್ಲೆ...”

ಕೇಳಲಿಲ್ಲ. ಬಸ್ ಹೊರಟಿತ್ತು, ನಾನೂ ಹೊರಟೆ.

ಬಸ್ಸಿನಲ್ಲಿ ಎಲ್ಲಮ್ಮನ ಗುಡ್ಡಕ್ಕೆ ಹೋಗಿ ಬಂದವರೇ ತುಂಬಿದ್ದರು. ಪಕ್ಕದ ಮುದುಕಿ ಹಣೆ ತುಂಬ ಭಂಡಾರ ಹಚ್ಚಿಕೊಂಡು, ನಾನು ಎದೆಗೆ ಅವಚಿಕೊಂಡಿದ್ದ ಕಂಪಾಸ್ ಡಬ್ಬಿಯನ್ನೇ ನೋಡುತ್ತಿದ್ದಳು.

“ಅದರಾಗ ಏನೈತಿ ತಂಗಿ? ಬಂಗಾರೇನು?”

“ನೆನಪೈತ್ರಿ ಆಯಿ. ಕಂಪ್ಯೂಟರಿಂದು.”

“ಹೌದಾ? ನಮ್ಮ ಮುದುಕಗೂ ಒಂದ ಇದ್ರ ನೋಡವ್ವಾ. ಹಲ್ಲಿನ ಸೆಟ್ ಬಾಯಾಗ ಇಟಗೊಂಡು ಊರೆಲ್ಲಾ ಹುಡುಕ್ತಾನ.”

ದಾರಿಯುದ್ದಕ್ಕೂ ನಾನು ಲೆಕ್ಕ ಹಾಕಿದೆ. 1333 ಕೂಡಿಸು 1600, ಒಟ್ಟು 2933. ಕೂಡುವ ಲೆಕ್ಕ ಒಂದನೇ ಇಯತ್ತೆಯಿಂದಲೂ ನನಗೆ ತಪ್ಪಿದ್ದಿಲ್ಲ. ಕ್ಲಾಸಿನ ಗ್ರೂಪಿಗೆ ಕಳಿಸಿಯೇಬಿಟ್ಟೆ: ‘ರವಿವಾರ ಮೂರು ಗಂಟೆಗೆ ನಮ್ಮ ಮನೆಗೆ ಬರ್ರಿ. ತಾಲೂಕಿನಾಗ ಎಲ್ಲಾಕಿಂತ ಜೋರು ಕಂಪ್ಯೂಟರ್. 2933. ಕಿತ್ತೂರಿನ ತನಕ ಗಾಳಿ ಬೀಸಿದ್ರ ನಾ ಹೊಣಿ ಅಲ್ಲ.’

ರವಿವಾರ ಅವ್ವ ಜೋಳದ ಡಬ್ಬಿ ಹೊತ್ತು ಗಿರಣಿಗೆ ಹೋದಳು. ಮೂವರು ಗೆಳತಿಯರು ಬಂದರು. ಅವರಲ್ಲೊಬ್ಬಳ ಮನೆಯಲ್ಲಿ ಹೊಸ ಲ್ಯಾಪ್‌ಟಾಪ್ ಇದೆ, ಅದಕ್ಕೇ ಅವಳಿಗೆ ಕುರ್ಚಿ ಕೊಟ್ಟೆ. ಆಯಿ ಗೋಡೆಗೆ ಒರಗಿ ಕುಳಿತಳು. ನಾನು ವೈರು ಕಿತ್ತು, ಸ್ಕ್ರೂ ಬಿಚ್ಚಿ, ಬಾಗಿಲು ತೆಗೆದೆ. ಒಳಗೆ ಹತ್ತು ವರ್ಷದ ಖಂಡೇನವಮಿ ಪೂಜೆಯ ಕುಂಕುಮ, ಶೇಂಗಾ ಸಿಪ್ಪೆ, ಹಲ್ಲಿಯ ಎರಡು ಮೊಟ್ಟೆ. ಇನ್ನೂ ಸ್ವಲ್ಪ ಒಳಗೆ ಹೋಗಿದ್ದರೆ ಕಳೆದುಹೋದ ಎಮ್ಮೆಗಳೂ ಸಿಗುತ್ತಿದ್ದವು.

ಪಟ್ಟಿಯನ್ನು ಸಿಕ್ಕಿಸಿ, ವೈರು ಮತ್ತೆ ಜೋಡಿಸಿ ಗುಂಡಿ ಒತ್ತಿದೆ. ಪೀಂ. ಪೀಂ. ಪೀಂ. ಪರದೆ ಕಪ್ಪು.

“ಯಾರದರೆ ಟ್ರ್ಯಾಕ್ಟರ್ ಹಿಂದಕ ಬರಾಕತ್ತೈತಿ ನೋಡು,” ಅಂದಳು ಆಯಿ.

ಇದ್ದದ್ದೂ ಕೆಟ್ಟರೆ? ಇನ್ನು ಒಂದು ತಾಸಿನಲ್ಲಿ ಅಜ್ಜ ಬರುತ್ತಾರೆ. ಮುಖದ ಮೇಲೆ ಮಾತ್ರ, ಎಲ್ಲ ಹೀಗೇ ಆಗಬೇಕಿತ್ತು ಎಂಬ ನಗು ಇಟ್ಟುಕೊಂಡು, ಅವ್ವನ ಪೆನ್ಸಿಲ್ ರಬ್ಬರ್ ತೆಗೆದು ಎರಡೂ ಪಟ್ಟಿಗಳ ಹಿತ್ತಾಳೆ ಬಣ್ಣದ ಹಲ್ಲುಗಳನ್ನು ಉಜ್ಜಿದೆ. ಮಾಮಾ ಹಾಗೆ ಮಾಡುವುದನ್ನು ನೋಡಿದ್ದೆ. ಎರಡೂ ಕಡೆ ಕಟಕ್ ಎನ್ನುವ ತನಕ ಒತ್ತಿ ಕೂರಿಸಿ, ಮತ್ತೆ ಗುಂಡಿ. ಈ ಸಲ ಒಂದೇ ಒಂದು ಪೀಂ. ಪರದೆ ಬೆಳಗಿತು!

ಮೆರೆಯುತ್ತ ಪರದೆಯ ಮೇಲೆ ವೇಗ ತೋರಿಸುವ ಕಿಟಕಿ ತೆಗೆದೆ. ಮೆಮರಿ ಆರು ಜಿಬಿ. ವೇಗ 1333.

ಲ್ಯಾಪ್‌ಟಾಪಿನವಳು ಕುರ್ಚಿಯಿಂದ ಬಗ್ಗಿ ನೋಡಿದಳು. “ಏನವಾ, ಗಾಳಿ ಬೀಸತೈತಿ ಅಂದಿದ್ದಿ? ನಮಗ ಸೆಕಿ ಆಗಾಕತ್ತೈತಿ.”

“ಇನ್ನ ಕಾಯ್ದಿಲ್ಲ ಅದು. ಬಿಸಿ ಆಗಬೇಕು,” ಅಂದೆ.

“ಹಂಚಿನ ಮ್ಯಾಲ ಇಡೂಣೇನ?”

ಮಾಮಾನಿಗೆ ಫೋನ್ ಹಚ್ಚಿದೆ. ಗುಟ್ಟಾಗಿ ಕೇಳುವ ಆಸೆ, ಆದರೆ ನನ್ನ ಫೋನಿನ ಕಿವಿ ಕೆಟ್ಟಿದೆ, ಸ್ಪೀಕರ್ ಒಂದೇ ಗತಿ. ಮಾಮಾನ ದನಿ ಓಣಿಗೆಲ್ಲ ಕೇಳಿಸಿತು: “ಅದನ್ನ ಹೇಳಾಕ ಬಂದ್ರ ಓಡಿಹ್ವಾದೆಲ್ಲ! ಜೋರಿಂದೂ ಸಾವಕಾಶಿಂದೂ ಕೂಡಿಸಿದ್ರ, ಸಾವಕಾಶ ಇದ್ದದ್ದು ಹೆಂಗ ನಡೀತೈತಿ ಎರಡೂ ಹಂಗ ನಡೀತಾವ.”

ಆಯಿ ಗೋಡೆ ಬಿಟ್ಟು ನೆಟ್ಟಗೆ ಕುಳಿತಳು. “ನನ್ನ ಸುದ್ದಿ ಹೇಳಾಕತ್ತಾನೇನ ಅಂವಾ? ನಿಮ್ಮವ್ವ ಏನರೆ ರೊಟ್ಟಿ ಬಗ್ಗೆ ತಮ್ಮಗ ಹೇಳ್ಯಾಳೇನು?”

“ಇಲ್ರಿ ಅತ್ತಿ, ಕಂಪ್ಯೂಟರಿಂದ್ರಿ!” ಮಾಮಾ ಗಾಬರಿಯಾದ. “ಏ ಹುಡುಗಿ, ವೇಗ ಬಿಡು. ಜಾಗಾ ಮೂರ ಪಟ್ಟ ಆಗೇತಿಲ್ಲೊ? ನಿಮ್ಮವ್ವಗ ಕಡಿಮಿ ಬಿದ್ದಿದ್ದು ಜಾಗಾ.”

ಇದು ನನ್ನ ಗೆಲುವೋ ಸೋಲೋ ಎಂದು ನಾನು ಇನ್ನೂ ತೀರ್ಮಾನಿಸುತ್ತಿದ್ದೆ. ಅಷ್ಟರಲ್ಲಿ ಬಾಗಿಲಲ್ಲಿ ಅವ್ವ ನಿಂತಿದ್ದಳು. ತಲೆಯ ಮೇಲೆ ಹಿಟ್ಟಿನ ಡಬ್ಬಿ, ಹಿಂದೆ ದೊಡವಾಡದ ಅಜ್ಜ. ಬಿಚ್ಚಿಟ್ಟ ಕಂಪ್ಯೂಟರ್ ನೋಡಿದಳು, ಹಲ್ಲಿಯ ಮೊಟ್ಟೆ ನೋಡಿದಳು, ನನ್ನನ್ನು ನೋಡಿದಳು.

“ಏಳ್ರಿ ಎಲ್ಲಾರೂ.”

ಎದ್ದೆವು. ಕುರ್ಚಿಯವಳು ಎಲ್ಲರಿಗಿಂತ ಮೊದಲು.

ಅವ್ವ ಕುಳಿತಳು. ಹಿಟ್ಟಿನ ಬೆರಳುಗಳಿಂದಲೇ ‘ಮಾನ್ಯ ತಹಶೀಲ್ದಾರ ಸಾಹೇಬರಿಗೆ’ ಎಂದು ಹೊಡೆದಳು. ಮಾನ್ಯರೂ ಸಾಹೇಬರೂ ಬೆರಳಿನ ಬೆನ್ನ ಹಿಂದೆಯೇ ಬಂದು ನಿಂತರು. ಅವ್ವನ ಕೈ ಒಂದು ಕ್ಷಣ ತಡೆಯಿತು. ಮತ್ತೆ ಹೊಡೆದಳು. ನಾಲ್ಕು ಶಬ್ದಕ್ಕೊಮ್ಮೆ ಸೇವ್, ಆಮೇಲೆ ಸಾಲಿಗೊಮ್ಮೆ. ಎರಡನೇ ಪುಟದಲ್ಲಿ ಆ ಕಿರುಬೆರಳು ಇಡೀ ಒಂದು ಪ್ಯಾರಾ ಸುಮ್ಮನೆ ಮಲಗಿದ್ದನ್ನು ನಾನು ಕಂಡೆ. ಅಚ್ಚಾದ ಹಾಳೆಗಳನ್ನು ಕಣ್ಣಿನ ಹತ್ತಿರ ಹಿಡಿದು ಅಜ್ಜ ತಮ್ಮ ಹೆಸರನ್ನು ಅಕ್ಷರ ಕೂಡಿಸಿ ಓದಿದರು.

“ಮತ್ತ ಗಂಡಸಾದೆನ್ರಿ ಅಕ್ಕಾರ!”

ಅವ್ವ ನಕ್ಕಳು. ಈಗ ನನ್ನ ಹೊಗಳಿಕೆ ಶುರುವಾಗುತ್ತದೆ ಎಂದು ನಾನು ಗೆಳತಿಯರ ಕಡೆ ತಿರುಗಿ, ಕೂದಲು ಸರಿ ಮಾಡಿಕೊಂಡು ನಿಂತೆ.

“ಆ ಮುಚ್ಚಳಾ ಹಾಕು, ಸ್ಕ್ರೂ ಒಂದೂ ಕಳೀಬಾರದು. ರಬ್ಬರ್ ನಂದು, ಇತ್ತ ಕೊಡು,” ಅಂದಳು ಅವ್ವ. “ನಾಳೆ ಗುಜರಿಯವ ಬರತಾನ. ಹಿತ್ತಲದಾಗಿನ ಒಡಕ ಬಕೀಟ ತಗದಿಡು. ಬರೇ ಬಕೀಟ.”