ನೀಲವ್ವ ಯಾಕೆ ಸಭೆ ಸೇರಲಿಲ್ಲ

ಎಪ್ಪತ್ತರ ದಶಕದಲ್ಲಿ ಬೆಟಗೇರಿಯ ಮನೆಮನೆಗೆ ಹೋಗಿ ಸುವಾರ್ತೆ ಹೇಳುವುದು ನನ್ನ ಕೆಲಸ. ಚರ್ಚಿನ ಸಭೆಗೆ ಹೊಸಬರು ಸೇರದಿದ್ದರೆ ನಮ್ಮ ಪಾದ್ರಿಗಳ ಮುಖ ಬಾಡುತ್ತಿತ್ತು. ನನ್ನ ಭರವಸೆಯೆಲ್ಲ ನೇಕಾರರ ಓಣಿಯ ಮುದುಕಿ ನೀಲವ್ವನ ಮೇಲಿತ್ತು. ಭಾನುವಾರದ ಆರಾಧನೆ ತಪ್ಪಿಸಿದವಳಲ್ಲ, ಹಾಡುಗಳೆಲ್ಲ ಬಾಯಿಪಾಠ. ದೀಕ್ಷಾಸ್ನಾನದ ಮಾತೆತ್ತಿದರೆ ಮಾತ್ರ, "ಮುಂದಿನ ವರ್ಷ ನೋಡೂಣಂತ ಬಿಡ್ರಿ" ಅನ್ನುತ್ತಿದ್ದಳು.

ಒಂದು ದಿನ ತಡೆಯಲಾರದೆ ಕೇಳಿಯೇಬಿಟ್ಟೆ. "ಯಾಕವ್ವಾ, ಮಂದಿ ಏನಂತಾರೋ ಅಂತ ಅಂಜಿಕಿ ಏನು?"

ಚಹಾದ ಬಸಿಯನ್ನು ನನ್ನ ಕಡೆ ಸರಿಸುತ್ತ ನಕ್ಕಳು. "ಮಂದಿಗೆ ನಾ ಯಾಕ ಅಂಜಲಿ? ಬಾಜೂ ಮನಿ ರೂತವ್ವ ಸಭಾ ಸೇರಿದ್ಲಲ್ಲ, ಆಮ್ಯಾಲ ಒಮ್ಮೆರ ಆಕಿ ಮನಿಗೆ ಹೋಗೀರೇನ್ರಿ, ಅಕ್ಕಾರ? ನಾನೂ ಸೇರಿದ್ರ ನನ್ನ ಕೂಡ ಮಾತಾಡಾಕ ಯಾರು ಬರ್ತಾರ?"

ಅಷ್ಟರಲ್ಲಿ ಮೋಟುಗೋಡೆಯ ಆಚೆ ಜೋಳ ಹಸನು ಮಾಡುತ್ತಿದ್ದ ರೂತವ್ವ ಮೊರ ಹಿಡಿದೇ ಎದ್ದು ನಿಂತಳು.

"ಅಕ್ಕಾರ, ಹಂಗಾದ್ರ ಸಭಾದಾಗಿನ ನನ್ನ ಹೆಸರು ತಗದುಬಿಡ್ರಿ. ಮತ್ತ ಹೊಸದಾಗಿ ಸೇರ್ತೀನಿ. ಈ ಸಲ ಸಾವಕಾಶ ಸೇರ್ತೀನಿ."

ಆ ವರ್ಷ ನಮ್ಮ ಸಭೆ ಬೆಳೆಯಲಿಲ್ಲ. ಆ ಓಣಿಯಲ್ಲಿ ನಾನು ಕುಡಿಯುವ ಚಹಾ ಮಾತ್ರ ಎರಡಾಯಿತು.